1 ಮಿ.ಗ್ರಾಂ ಕ್ಯಾಪ್ಸೂಲ್: ಇಮ್ಮಡಿ ಕ್ರಮದಲ್ಲೇ ಬೆರೆಸಿದೆ, ಆದರೂ ಔಷಧ ಸಮನಾಗಿ ಹರಡಿಲ್ಲ. ಎಲ್ಲಿ ತಪ್ಪಿದೆ?

ಕಲಿಕೆಯ_ಕೌಂಟರ್ · ಸೋಮವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಕಾಂಪೌಂಡಿಂಗ್, ಅಂದರೆ ಔಷಧ ಬೆರೆಸಿ ತಯಾರಿಸುವ ಕೆಲಸಕ್ಕೆ ಸೇರಿ ಏಳು ತಿಂಗಳಾಯಿತು. ಮೊದಲ ಸಲ ಒಂದು ಬ್ಯಾಚ್ ಪರೀಕ್ಷೆಯಲ್ಲಿ ಬಿದ್ದಿದೆ. ಎರಡು ದಿನದಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ.

ಚಿಕ್ಕ ಮಕ್ಕಳಿಗೆ ಹೈಡ್ರೋಕಾರ್ಟಿಸೋನ್ 1 ಮಿ.ಗ್ರಾಂ ಕ್ಯಾಪ್ಸೂಲ್, ಒಟ್ಟು 100. ಒಂದೊಂದರಲ್ಲೂ 300 ಮಿ.ಗ್ರಾಂ ಪುಡಿ. ಅಂದರೆ 100 ಮಿ.ಗ್ರಾಂ ಔಷಧ, ಉಳಿದ 29.9 ಗ್ರಾಂ ಲ್ಯಾಕ್ಟೋಸ್, ಜಾಗ ತುಂಬಲು ಹಾಕುವ ಹಾಲಿನ ಸಕ್ಕರೆ. ಔಷಧವನ್ನು ಮೊದಲು ಪಿಂಗಾಣಿ ಮಾರ್ಟರ್‌ನಲ್ಲಿ (ಖಲ್ವದಲ್ಲಿ) ನುಣ್ಣಗೆ ಅರೆದೆ. ಆಮೇಲೆ ಕಾಲೇಜಿನಲ್ಲಿ ಕಲಿತ ಜಿಯೋಮೆಟ್ರಿಕ್ ಡೈಲ್ಯೂಶನ್: 100 ಮಿ.ಗ್ರಾಂ ಔಷಧಕ್ಕೆ ಅಷ್ಟೇ ಲ್ಯಾಕ್ಟೋಸ್, ಬಂದ 200ಕ್ಕೆ ಮತ್ತೆ 200, ಹೀಗೆ ಪ್ರತಿ ಸಲ ಇಮ್ಮಡಿ. ಎಂಟು ಸಲಕ್ಕೆ 25.6 ಗ್ರಾಂ ಆಯಿತು, ಒಂಬತ್ತನೆಯ ಸಲ ಉಳಿದದ್ದನ್ನು ಸೇರಿಸಿದೆ. ಪ್ರತಿ ಹಂತಕ್ಕೂ ಎರಡು ನಿಮಿಷ. ಕೊನೆಗೆ ಎಲ್ಲವನ್ನೂ ದೊಡ್ಡ ಜಾರಿಗೆ ಹಾಕಿ ಐದು ನಿಮಿಷ ಚೆನ್ನಾಗಿ ಅಲುಗಾಡಿಸಿದೆ. ಪಕ್ಕದ ಕೋಣೆಗೆ ಒಯ್ದು 50 ಕುಳಿಯ ಕೈಯಂತ್ರದಲ್ಲಿ ಎರಡು ಸುತ್ತಿನಲ್ಲಿ ತುಂಬಿದೆ.

ಲ್ಯಾಬ್‌ನಿಂದ ಬಂದ 10 ಕ್ಯಾಪ್ಸೂಲ್‌ಗಳ ಲೆಕ್ಕ, ಲೇಬಲ್ ಪ್ರಮಾಣದ ಶೇಕಡಾವಾರು: 81, 84, 86, 88, 90, 92, 95, 99, 104, 111.

ಬ್ಯಾಚ್ ಯಾರ ಕೈಗೂ ಹೋಗಿಲ್ಲ, ತಡೆಹಿಡಿದಿದ್ದೇವೆ. ಆದರೆ ಇದನ್ನು ನುಂಗಬೇಕಿದ್ದದ್ದು ತನ್ನ ಮೈಯಲ್ಲಿ ಕಾರ್ಟಿಸಾಲ್ ತಯಾರಾಗದ ಮಗು. ಕಡಿಮೆಯಾದರೆ ಜೀವಕ್ಕೇ ಅಪಾಯ, ದಿನವೂ ಹೆಚ್ಚಾದರೆ ಬೆಳವಣಿಗೆ ಕುಂಠಿತ. ಕ್ರಮ ತಪ್ಪಿಲ್ಲ ಅನ್ನುವುದು ನನಗೆ ಖಾತ್ರಿ. ಹಾಗಾದರೆ ತಪ್ಪಿದ್ದೆಲ್ಲಿ?

ಹಳೆಯ_ಪೆಸಲ್ · ಸೋಮವಾರ, ರಾತ್ರಿ 9:40

ಎರಡು ನಿಮಿಷ ಏನೇನೂ ಸಾಲದು. ಪ್ರತಿ ಹಂತಕ್ಕೂ ಹತ್ತು ನಿಮಿಷ ಅರೆಯಿರಿ. ಅರೆದಷ್ಟೂ ಒಂದಾಗುತ್ತದೆ.

ಲ್ಯಾಬ್_ಕಣ್ಣು · ಸೋಮವಾರ, ರಾತ್ರಿ 10:05

ಪರಿಹಾರಕ್ಕೆ ಹೋಗುವ ಮುಂಚೆ ಅಂಕಿಗಳು ಏನು ಹೇಳುತ್ತಿವೆ ಅಂತ ನೋಡೋಣ. ಇಲ್ಲಿ ಇರುವುದು ಒಂದಲ್ಲ, ಎರಡು ತೊಂದರೆ.

ನಿಮ್ಮ ಸರಾಸರಿ 93. ಇದು ಮೊದಲನೆಯದು. ಬೆರಕೆ ಎಷ್ಟೇ ಕೆಟ್ಟದಾಗಿದ್ದರೂ, ಹಾಕಿದ ಔಷಧವೆಲ್ಲ ಕ್ಯಾಪ್ಸೂಲ್‌ಗಳಲ್ಲೇ ಇದ್ದರೆ ಪೂರ್ತಿ ಬ್ಯಾಚಿನ ಸರಾಸರಿ 100ರ ಸುತ್ತಮುತ್ತ ಇರಬೇಕು. ಹತ್ತೇ ಕ್ಯಾಪ್ಸೂಲ್ ನೋಡಿದ್ದರಿಂದ ಸ್ವಲ್ಪ ಆಚೀಚೆ ಆಗಬಹುದು, ನಿಜ. ಆದರೂ ಔಷಧ ಎಲ್ಲೋ ಅಂಟಿಕೊಂಡು ಉಳಿದಿದೆ ಎಂಬ ಸಂಶಯ ನನಗಿದೆ. ಎರಡನೆಯದು ಹರಹು. ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚೆದುರಿವೆ ಎಂಬ ಅಳತೆ, ಸುಮಾರು 9.4 ಬರುತ್ತದೆ. ಅಮೆರಿಕದ ಫಾರ್ಮಕೋಪಿಯಾದ (ಔಷಧ ಗುಣಮಟ್ಟದ ಗ್ರಂಥದ) 905ನೇ ಅಧ್ಯಾಯದ ಲೆಕ್ಕ ಹಾಕಿದರೆ, ಸರಾಸರಿ 98.5ಕ್ಕಿಂತ ಎಷ್ಟು ಕೆಳಗಿದೆಯೋ ಅದು 5.5, ಅದಕ್ಕೆ ಡೀವಿಯೇಶನ್‌ನ 2.4 ಪಟ್ಟು ಅಂದರೆ 22.5 ಕೂಡಿಸಬೇಕು. ಒಟ್ಟು 28. ದಾಟಬಾರದ ಗೆರೆ 15.

ಈಗ ನನ್ನ ಎರಡು ಪ್ರಶ್ನೆ. ಆ ಹತ್ತು ಕ್ಯಾಪ್ಸೂಲ್‌ಗಳ ಒಳಗಿನ ಪುಡಿಯ ತೂಕ ಎಷ್ಟೆಷ್ಟಿತ್ತು? ಔಷಧ ಕಡಿಮೆ ಇದ್ದದ್ದರಲ್ಲಿ ತೂಕವೂ ಅದೇ ಪ್ರಮಾಣದಲ್ಲಿ ಕಡಿಮೆ ಇದ್ದರೆ ನಿಮ್ಮ ಬೆರಕೆ ಸರಿಯಾಗಿಯೇ ಇದೆ, ತುಂಬುವುದರಲ್ಲಿ ತಪ್ಪಿದೆ. ತೂಕ ಒಂದೇ ಸಮನಿದ್ದು ಔಷಧ ಮಾತ್ರ ಏರುಪೇರಾಗಿದ್ದರೆ ಬೆರಕೆಯದೇ ದೋಷ. ಮತ್ತೆ, ಯಾವ ಕ್ಯಾಪ್ಸೂಲ್ ಯಾವ ಸುತ್ತಿನದು ಅಂತ ಗುರುತಿದೆಯಾ?

ಖಲ್ವದ_ಕೈ · ಸೋಮವಾರ, ರಾತ್ರಿ 10:31

ಹಳೆಯ_ಪೆಸಲ್ ಅವರೇ, ನಾನೂ ಬಹಳ ವರ್ಷ ಹಾಗೇ ನಂಬಿದ್ದೆ. ಆದರೆ ಮೂರು ಕೆಲಸಗಳನ್ನು ನಾವು ಒಂದೇ ಹೆಸರಿನಲ್ಲಿ ಕರೆದು ಗೊಂದಲ ಮಾಡಿಕೊಳ್ಳುತ್ತೇವೆ. ಪೆಸಲ್ (ಅರೆಯುವ ಗುಂಡು) ಒತ್ತಿ ತಿರುಗಿಸಿದರೆ ಕಣ ಸಣ್ಣದಾಗುತ್ತದೆ, ಅದು ಅರೆಯುವುದು. ಒತ್ತದೆ ಹಗುರವಾಗಿ ಸುತ್ತಿಸುತ್ತಾ ಆಗಾಗ ಸ್ಪ್ಯಾಚುಲಾದಿಂದ ಗೋಡೆ ಕೆರೆದು ನಡುವಿಗೆ ತಂದರೆ ಅದು ಬೆರೆಸುವುದು. ಜಾರಿನಲ್ಲಿ ಉರುಳಿಸಿದರೆ ಪುಡಿಗಳು ಒಂದರ ಮೇಲೊಂದು ಹೊರಳುತ್ತವೆ ಅಷ್ಟೇ, ಗಂಟು ಒಡೆಯುವುದಿಲ್ಲ.

ಹತ್ತು ನಿಮಿಷ ಒತ್ತಿ ಅರೆದರೆ ಪುಡಿ ಮಾರ್ಟರ್‌ನ ಗೋಡೆಗೆ ಪದರ ಪದರವಾಗಿ ಹತ್ತುತ್ತದೆ. ನೀವು ಗಮನಿಸಿರಬಹುದು, ಕೆರೆದಾಗ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಆ ಸಿಪ್ಪೆಯೊಳಗಿನ ಔಷಧ ಮತ್ತೆ ಬೆರೆಯುವುದಿಲ್ಲ. ಜೊತೆಗೆ ಉಜ್ಜಿದಷ್ಟೂ ಸ್ಟ್ಯಾಟಿಕ್ ವಿದ್ಯುತ್ ಹೆಚ್ಚಿ ಪುಡಿ ಕಾಗದಕ್ಕೆ, ಕೈಗವಸಿಗೆ ಹಾರಿ ಅಂಟುತ್ತದೆ.

ಹಳೆಯ_ಪೆಸಲ್ · ಸೋಮವಾರ, ರಾತ್ರಿ 10:44

ಸಿಪ್ಪೆ ಏಳುವುದನ್ನು ನಾನೂ ನೋಡಿದ್ದೇನೆ ಮೇಡಂ. ಅದು ಚೆನ್ನಾಗಿ ಅರೆದಿರುವ ಗುರುತು ಅಂದುಕೊಂಡಿದ್ದೆ. ಒಪ್ಪಿದೆ.

ಕಣದ_ಲೆಕ್ಕ · ಸೋಮವಾರ, ರಾತ್ರಿ 11:20

ನಾನು ಫಾರ್ಮಸಿಸ್ಟ್ ಅಲ್ಲ, ಪುಡಿಗಳ ಚಲನೆಯ ಮೇಲೆ ಕೆಲಸ ಮಾಡುವವನು. ಒಂದು ಲೆಕ್ಕ ಇಲ್ಲಿಡುತ್ತೇನೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಬೆರೆಸುವ ಕೈಯನ್ನೇ ದೂರುತ್ತಾರೆ.

ದೇವರೇ ಬಂದು ಬೆರೆಸಿದರೂ ಪುಡಿಗಳ ಬೆರಕೆ ಉಪ್ಪು ನೀರಿನಲ್ಲಿ ಕರಗಿದಂತೆ ಆಗುವುದಿಲ್ಲ. ಕಣಗಳು ಕಣಗಳಾಗಿಯೇ ಉಳಿಯುತ್ತವೆ. ಅತ್ಯುತ್ತಮ ಅಂದರೆ, ಪ್ರತಿ ಕಣವೂ ಎಲ್ಲಿ ಬೇಕಾದರೂ ಇರಬಹುದಾದ ಸ್ಥಿತಿ. ಅಂಥ ಬೆರಕೆಯಿಂದ 300 ಮಿ.ಗ್ರಾಂ ತೆಗೆದಾಗ ಅದರಲ್ಲಿ ಔಷಧದ ಎಷ್ಟು ಕಣ ಬಂದವು ಎಂಬುದರಲ್ಲಿ ಒಂದಿಷ್ಟು ಏರಿಳಿತ ಇದ್ದೇ ಇರುತ್ತದೆ. ಔಷಧ ತೀರಾ ಕಡಿಮೆ ಇರುವ ಬೆರಕೆಯಲ್ಲಿ ಆ ಏರಿಳಿತ ಹೆಚ್ಚುಕಡಿಮೆ ಕಣಗಳ ಸಂಖ್ಯೆಯ ವರ್ಗಮೂಲ.

ಔಷಧದ ಸಾಂದ್ರತೆ ಘನ ಸೆಂ.ಮೀ.ಗೆ 1.3 ಗ್ರಾಂ ಎಂದಿಟ್ಟುಕೊಳ್ಳಿ, ಕಣಗಳೆಲ್ಲ ಒಂದೇ ಗಾತ್ರದ ಗುಂಡುಗಳು ಅಂದುಕೊಳ್ಳಿ. 200 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಭಾಗ) ಗಾತ್ರದ ಹರಳಾದರೆ ಒಂದರ ತೂಕ ಸುಮಾರು 5.4 ಮೈಕ್ರೋಗ್ರಾಂ. ಹಾಗಾಗಿ 1 ಮಿ.ಗ್ರಾಂನಲ್ಲಿ ಇರುವುದು ಹೆಚ್ಚೆಂದರೆ 184 ಹರಳು. ವರ್ಗಮೂಲ 13.6, ಅಂದರೆ 7.4% ಏರಿಳಿತ. ಲ್ಯಾಬ್_ಕಣ್ಣು ಹೇಳಿದ 2.4 ಪಟ್ಟು ಹಾಕಿದರೆ 17.7 ಬಂತು, ಪರೀಕ್ಷೆಯಲ್ಲಿ ಬಿತ್ತು. ಗಮನಿಸಿ, ಇದು ಲವಲೇಶವೂ ತಪ್ಪಿಲ್ಲದೆ ಬೆರೆಸಿದಾಗಿನ ಮಾತು. ಅದೇ ಔಷಧ 100 ಮೈಕ್ರಾನ್ ಆದರೆ ಸುಮಾರು 1,470 ಕಣ, 2.6% ಏರಿಳಿತ. 50 ಮೈಕ್ರಾನ್ ಆದರೆ 11,700ಕ್ಕೂ ಹೆಚ್ಚು ಕಣ, ಏರಿಳಿತ 1%ಕ್ಕಿಂತ ಕಡಿಮೆ. ಗಾತ್ರ ಅರ್ಧಕ್ಕಿಳಿದರೆ ಸಂಖ್ಯೆ ಎಂಟು ಪಟ್ಟಾಗುತ್ತದೆ. ಕಡಿಮೆ ಡೋಸ್‌ನ ಕ್ಯಾಪ್ಸೂಲ್‌ನಲ್ಲಿ ಕಣ ಸಣ್ಣದಾಗಲೇಬೇಕು ಅನ್ನುವುದು ಇದಕ್ಕೇ.

ನಿಮ್ಮ ಔಷಧದ ಹರಳು ದಪ್ಪಗಿದ್ದಿರಬೇಕು ಎಂಬುದು ನನ್ನ ಊಹೆ.

ಕಲಿಕೆಯ_ಕೌಂಟರ್ · ಮಂಗಳವಾರ, ಸಂಜೆ 7:15

ಎಲ್ಲರಿಗೂ ಧನ್ಯವಾದ. ಇವತ್ತು ದಾಖಲೆ ತೆಗೆದು ನೋಡಿದೆ.

ಒಳಗಿನ ಪುಡಿಯ ತೂಕ 294ರಿಂದ 306 ಮಿ.ಗ್ರಾಂ. ಅಂದರೆ ಆಚೀಚೆ 2% ಅಷ್ಟೇ. ಹಾಗಾದರೆ ತುಂಬುವುದು ಸರಿಯಿದೆ, ಬೆರಕೆಯೇ ತಪ್ಪಿದೆ.

ಸುತ್ತು ಬೇರೆ ಬೇರೆ ಬಾಟಲಿಗಳಲ್ಲಿತ್ತು, ಲ್ಯಾಬ್‌ನವರು ಐದೈದು ತೆಗೆದುಕೊಂಡಿದ್ದರು. ಮೊದಲ ಸುತ್ತಿನವು 81, 84, 86, 88, 92. ಎರಡನೆಯ ಸುತ್ತಿನವು 90, 95, 99, 104, 111. ಇದನ್ನು ನೋಡಿದ ಮೇಲೆ ಕೈಕಾಲು ತಣ್ಣಗಾಯಿತು. ಸರಾಸರಿ ಒಂದು ಕಡೆ 86, ಇನ್ನೊಂದು ಕಡೆ 100.

ಕಣದ_ಲೆಕ್ಕ ಸರ್, ಔಷಧ ಮೈಕ್ರೊನೈಸ್ ಆದದ್ದಲ್ಲ, ಅಂದರೆ ಯಂತ್ರದಲ್ಲಿ ಕೆಲವೇ ಮೈಕ್ರಾನ್‌ಗೆ ಪುಡಿ ಮಾಡಿದ್ದಲ್ಲ. ಆದರೆ ಮೊದಲೇ ನಾನು ಒಂದು ಹರಳೂ ಕೈಗೆ ಸಿಗದಷ್ಟು ನುಣ್ಣಗೆ ಅರೆದಿದ್ದೆ. ಬೆರಳ ನಡುವೆ ಉಜ್ಜಿದರೆ ಟಾಲ್ಕಂ ಪೌಡರ್ ಥರ ಇತ್ತು. ಕೈಗವಸು ಹಾಕಿಯೇ ಉಜ್ಜಿದ್ದು.

ಕಣದ_ಲೆಕ್ಕ · ಮಂಗಳವಾರ, ಸಂಜೆ 7:48

ಹಾಗಾದರೆ ನನ್ನ ಊಹೆ ನಿಮ್ಮ ಬ್ಯಾಚಿಗೆ ಹೊಂದುವುದಿಲ್ಲ, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ದಪ್ಪ ಹರಳಿನ ಏರಿಳಿತ ಎಲ್ಲ ಕ್ಯಾಪ್ಸೂಲ್‌ಗಳಲ್ಲೂ ಗೊತ್ತುಗುರಿಯಿಲ್ಲದೆ ಚೆದುರಿರುತ್ತದೆ. ನಿಮ್ಮದರಲ್ಲಿ ದಿಕ್ಕಿದೆ. ಮೊದಲು ಸುರಿದ ಪುಡಿಯಲ್ಲಿ ಕಡಿಮೆ, ಕೊನೆಗೆ ಉಳಿದದ್ದರಲ್ಲಿ ಹೆಚ್ಚು. ಔಷಧ ಜಾರಿನ ತಳಕ್ಕೆ ಇಳಿದಿದೆ.

ಲ್ಯಾಕ್ಟೋಸ್ ಯಾವ ದರ್ಜೆಯದು? ಡಬ್ಬದ ಲೇಬಲ್ ನೋಡಿ ಹೇಳಿ. ಚಮಚದಿಂದ ಸುರಿದಾಗ ಸಣ್ಣ ಮರಳಿನಂತೆ ಜಾರುತ್ತದೋ, ಹಿಟ್ಟಿನಂತೆ ಮುದ್ದೆಯಾಗಿ ಬೀಳುತ್ತದೋ?

ಕಲಿಕೆಯ_ಕೌಂಟರ್ · ಮಂಗಳವಾರ, ರಾತ್ರಿ 8:20

ಮರಳಿನಂತೆ ಸರ್. ಲೇಬಲ್‌ನಲ್ಲಿ ಸ್ಪ್ರೇ ಡ್ರೈಡ್ (ದ್ರವವನ್ನು ಸಿಂಪಡಿಸಿ ಒಣಗಿಸಿದ್ದು) ಅಂತಿದೆ. ಕೈಯಂತ್ರದ ಕುಳಿಗಳಿಗೆ ಚೆನ್ನಾಗಿ ಜಾರಿ ಇಳಿಯುತ್ತದೆ ಅಂತಲೇ ಅದನ್ನು ಆರಿಸಿದ್ದೆ. ಮಾತ್ರೆ ಒತ್ತುವವರು ಬಳಸುವ ದರ್ಜೆ.

ಕಣದ_ಲೆಕ್ಕ · ಮಂಗಳವಾರ, ರಾತ್ರಿ 9:02

ಸಿಕ್ಕಿತು.

ಸ್ಪ್ರೇ ಡ್ರೈಡ್ ಲ್ಯಾಕ್ಟೋಸ್‌ನ ಕಣ ಗುಂಡಗೆ, ದಪ್ಪಗೆ, ಬಹುಪಾಲು 100 ಮೈಕ್ರಾನ್ ಆಸುಪಾಸಿನದು. ಗೋಲಿಗಳನ್ನು ತುಂಬಿದ ಪಾತ್ರೆಯನ್ನು ನೆನೆಸಿಕೊಳ್ಳಿ, ಗೋಲಿ ಗೋಲಿಯ ನಡುವೆ ಸಂದು. ನಿಮ್ಮ ನುಣುಪು ಔಷಧಕ್ಕೆ ಆ ಸಂದುಗಳೇ ದಾರಿ. ಅಲುಗಾಡಿಸಿದಾಗ, ಒಯ್ದಾಗ, ಜಾರನ್ನು ಮೇಜಿನ ಮೇಲೆ ತಟ್ಟಿದಾಗ ಸಣ್ಣದು ಕೆಳಗೆ ಸೋಸಿ ಇಳಿಯುತ್ತದೆ, ದಪ್ಪದು ಮೇಲೆ ಉಳಿಯುತ್ತದೆ. ಅಂದರೆ ಮಾರ್ಟರ್‌ನಲ್ಲಿ ನೀವು ಒಂಬತ್ತು ಹಂತದಲ್ಲಿ ಕಟ್ಟಿದ್ದನ್ನು ಜಾರು ಐದು ನಿಮಿಷದಲ್ಲಿ ಬಿಚ್ಚಿದೆ. ಸುಲಭವಾಗಿ ಹರಿಯುವ ಪುಡಿ ಅಷ್ಟೇ ಸುಲಭವಾಗಿ ಬೇರೆಯೂ ಆಗುತ್ತದೆ. ತುಂಬಲು ಅನುಕೂಲ ಅಂತ ಆರಿಸಿದ ಗುಣವೇ ಇಲ್ಲಿ ತಿರುಗಿ ಬಿದ್ದಿದೆ.

ಇದಕ್ಕೊಂದು ವಿನಾಯಿತಿಯಿದೆ. ಔಷಧ ಕೆಲವೇ ಮೈಕ್ರಾನ್ ಗಾತ್ರದ್ದಾದರೆ ಅದು ತಾನಾಗಿ ಬೀಳುವುದಿಲ್ಲ, ದಪ್ಪ ಕಣದ ಮೈಗೆ ಅಂಟಿಕೊಳ್ಳುತ್ತದೆ. 1975ರಲ್ಲಿ ಹರ್ಸಿ ಎಂಬವರು ಇದಕ್ಕೆ ಆರ್ಡರ್ಡ್ ಮಿಕ್ಸಿಂಗ್ ಎಂದು ಹೆಸರಿಟ್ಟರು. ಉಸಿರಿನಲ್ಲಿ ಎಳೆದುಕೊಳ್ಳುವ ಒಣ ಪುಡಿಯ ಇನ್‌ಹೇಲರ್‌ಗಳು ನಿಂತಿರುವುದೇ ಇದರ ಮೇಲೆ: 1ರಿಂದ 5 ಮೈಕ್ರಾನ್ ಔಷಧ, ಅದನ್ನು ಹೊರುವ ದಪ್ಪ ಲ್ಯಾಕ್ಟೋಸ್. ಆದರೆ ಕೈಯಿಂದ ಅರೆದು ಆ ಗಾತ್ರಕ್ಕೆ ತರಲು ಆಗುವುದಿಲ್ಲ. ನಿಮ್ಮ ಪುಡಿ ನಡುವಿನ ಗಾತ್ರದ್ದು. ಅಂಟಿಕೊಳ್ಳುವಷ್ಟು ಸಣ್ಣದಲ್ಲ, ಜೊತೆಗೆ ನಿಲ್ಲುವಷ್ಟು ದೊಡ್ಡದೂ ಅಲ್ಲ. ಎಲ್ಲಕ್ಕಿಂತ ಕಷ್ಟದ ಜಾಗ ಅದು.

ಖಲ್ವದ_ಕೈ · ಬುಧವಾರ, ಬೆಳಿಗ್ಗೆ 6:50

ಈಗ ಕೈಕೆಲಸದ ಮಾತು. ನಾನು ಮಾಡುವ ರೀತಿಯನ್ನೇ ಬರೆಯುತ್ತೇನೆ, ನಿಮ್ಮ ಕಡೆಯ ಲಿಖಿತ ಕ್ರಮಕ್ಕೆ ಹೊಂದಿಸಿಕೊಳ್ಳಿ.

ಕ್ಯಾಪ್ಸೂಲ್‌ಗೆ ನುಣ್ಣಗೆ ಬೀಸಿದ ಲ್ಯಾಕ್ಟೋಸ್ ಬಳಸುತ್ತೇನೆ, ಹಿಟ್ಟಿನಂತೆ ಇರುವುದು. ಕುಳಿಗೆ ಇಳಿಸಲು ಸ್ವಲ್ಪ ಹೆಣಗಬೇಕು, ನಿಧಾನವಾಗಿ ಹರಡಬೇಕು, ಹದವಾಗಿ ಒತ್ತಬೇಕು. ಆದರೆ ಒಮ್ಮೆ ಬೆರೆತರೆ ಬೆರೆತ ಹಾಗೇ ಇರುತ್ತದೆ. ಔಷಧ, ಲ್ಯಾಕ್ಟೋಸ್ ಎರಡನ್ನೂ ಬೇರೆ ಬೇರೆಯಾಗಿ 100 ನಂಬರಿನ ಜರಡಿ ಹಿಡಿಯುತ್ತೇನೆ, ಅದರ ಕಣ್ಣು 150 ಮೈಕ್ರಾನ್. ಜರಡಿ ಹಿಡಿಯುವುದು ದಪ್ಪ ಕಣ ತೆಗೆಯಲು ಮಾತ್ರ ಅಂದುಕೊಳ್ಳಬೇಡಿ. ನುಣುಪಾದ ಪುಡಿ ತನ್ನೊಳಗೇ ಗಂಟು ಕಟ್ಟಿಕೊಂಡಿರುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಗಂಟು. ಒಂದು ಗಂಟು ಅಂದರೆ ಒಂದು ದಪ್ಪ ಹರಳು ಇದ್ದ ಹಾಗೇ, ಮೊನ್ನೆ ಕಣದ_ಲೆಕ್ಕ ಬರೆದ ವರ್ಗಮೂಲದ ಲೆಕ್ಕ ಅದಕ್ಕೂ ಅನ್ವಯಿಸುತ್ತದೆ. ನಿಮ್ಮ ಎರಡನೆಯ ಸುತ್ತಿನಲ್ಲೇ 90 ಮತ್ತು 111 ಎರಡೂ ಇವೆಯಲ್ಲ, ಅದು ತಳಕ್ಕಿಳಿದದ್ದರಿಂದ ಮಾತ್ರ ಆದದ್ದಲ್ಲ ಎಂದು ನನಗನ್ನಿಸುತ್ತದೆ.

ಇನ್ನು ಕಳೆದುಹೋದ 7%. ಪಿಂಗಾಣಿ ಮಾರ್ಟರ್‌ನ ಒಳಮೈ ಒರಟು, ಅದರಲ್ಲಿ ಸೂಜಿಮೊನೆಯಂಥ ಗುಂಡಿಗಳಿರುತ್ತವೆ. ಖಾಲಿ ಮಾರ್ಟರ್‌ಗೆ ಮೊದಲು ಔಷಧವನ್ನೇ ಹಾಕಿ ಅರೆದರೆ ಆ ಗುಂಡಿಗಳೆಲ್ಲ ಔಷಧದಿಂದ ತುಂಬುತ್ತವೆ. 100 ಮಿ.ಗ್ರಾಂನಲ್ಲಿ 5 ಮಿ.ಗ್ರಾಂ ಅಲ್ಲೇ ಉಳಿದರೆ ಯಾರಿಗೂ ಕಾಣುವುದಿಲ್ಲ. ಹಾಗಾಗಿ ಮೊದಲು ಸ್ವಲ್ಪ ಲ್ಯಾಕ್ಟೋಸ್ ಹಾಕಿ, ಪೆಸಲ್‌ನಿಂದ ಗೋಡೆಗೆಲ್ಲ ತೇಯಿರಿ. ಗುಂಡಿಗಳು ಅದರಿಂದ ಮುಚ್ಚಲಿ. ಆ ಲ್ಯಾಕ್ಟೋಸ್ ಕೂಡ ಒಟ್ಟು 29.9 ಗ್ರಾಂನಿಂದಲೇ ತೂಗಿ ತೆಗೆದದ್ದಾಗಿರಬೇಕು. ಔಷಧ ತೂಗಿದ ಕಾಗದವನ್ನು, ಸ್ಪ್ಯಾಚುಲಾವನ್ನು ನೀರು ಮುಟ್ಟಿಸದೆ ಒಣ ಲ್ಯಾಕ್ಟೋಸ್‌ನಿಂದಲೇ ಉಜ್ಜಿ ತೆಗೆದು ಮಾರ್ಟರ್‌ಗೆ ಸೇರಿಸಿ. ಬಣ್ಣ ಹತ್ತುವ ಔಷಧಕ್ಕೆ, ದ್ರವಕ್ಕೆ ಗಾಜಿನ ಮಾರ್ಟರ್ ಒಳ್ಳೆಯದು. ಅದರ ಮೈ ನಯ, ಹಾಗಾಗಿ ಏನೂ ಕೂರುವುದಿಲ್ಲ, ಆದರೆ ಹರಳು ಅರೆಯಲು ಹಿಡಿತವೂ ಸಿಗುವುದಿಲ್ಲ.

ಕೆಲವರು 7% ಹೋಗುತ್ತದೆ ಅಂತ ಔಷಧವನ್ನೇ 107 ಮಿ.ಗ್ರಾಂ ಹಾಕಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಷ್ಟ ಪ್ರತಿ ಸಲ ಒಂದೇ ಆಗಿರುವುದಿಲ್ಲ. ಎಲ್ಲಿ ಹೋಗುತ್ತಿದೆ ಅಂತ ಕಂಡುಹಿಡಿದು ಅಲ್ಲೇ ತಡೆಯಬೇಕು.

ಇಮ್ಮಡಿ ಕ್ರಮ ನೀವು ಮಾಡಿದ ಹಾಗೇ ಇರಲಿ. ಮೂರು ಮೂರು ಹಂತಕ್ಕೊಮ್ಮೆ ಎಲ್ಲವನ್ನೂ ಮತ್ತೆ ಜರಡಿ ಹಿಡಿದು ಮುಂದಕ್ಕೆ ಹೋಗಿ, ಜರಡಿಯ ಮೇಲೆ ಉಳಿದದ್ದನ್ನು ಬಿಸಾಡಬೇಡಿ, ಒತ್ತಿ ಇಳಿಸಿ. ಸ್ಟೀರಾಯ್ಡ್ ಪುಡಿ ಆದ್ದರಿಂದ ಮಾಸ್ಕ್ ಮತ್ತು ಪುಡಿ ಹೀರುವ ಹುಡ್ ಇಲ್ಲದೆ ಜರಡಿ ಹಿಡಿಯಬಾರದು.

ತೂಕದ_ಮೇಜು · ಬುಧವಾರ, ಬೆಳಿಗ್ಗೆ 9:15

ಯಾರೂ ತಕ್ಕಡಿಯ ವಿಷಯ ಎತ್ತಲಿಲ್ಲ. 100 ಮಿ.ಗ್ರಾಂ ತೂಗಿದ್ದು ಯಾವುದರಲ್ಲಿ? ಹಳೆಯ ಕ್ಲಾಸ್ ಎ ತಕ್ಕಡಿಯ ಸೂಕ್ಷ್ಮತೆ 6 ಮಿ.ಗ್ರಾಂ. 5% ತಪ್ಪನ್ನು ಒಪ್ಪುವುದಾದರೆ ಅದರಲ್ಲಿ 120 ಮಿ.ಗ್ರಾಂಗಿಂತ ಕಡಿಮೆ ತೂಗುವಂತಿಲ್ಲ. ಅಂಥದ್ದೊಂದೇ ಇದ್ದರೆ 200 ಮಿ.ಗ್ರಾಂ ಔಷಧವನ್ನು 1,800 ಮಿ.ಗ್ರಾಂ ಲ್ಯಾಕ್ಟೋಸ್ ಜೊತೆ ಬೆರೆಸಿ, ಅದರಲ್ಲಿ 1,000 ಮಿ.ಗ್ರಾಂ ತೆಗೆದುಕೊಳ್ಳಬೇಕು, ಆಗ 100 ಬರುತ್ತದೆ. ಆದರೆ ಆ ಮೊದಲ ಬೆರಕೆ ಸಮನಾಗದಿದ್ದರೆ ತೆಗೆದ ಭಾಗವೇ ತಪ್ಪು, ಆಮೇಲೆ ಎಷ್ಟು ಚೆನ್ನಾಗಿ ಬೆರೆಸಿದರೂ ಪೂರ್ತಿ ಬ್ಯಾಚ್ ತಪ್ಪು.

ಕಲಿಕೆಯ_ಕೌಂಟರ್ · ಬುಧವಾರ, ಬೆಳಿಗ್ಗೆ 9:30

ಎಲೆಕ್ಟ್ರಾನಿಕ್ ತಕ್ಕಡಿ ಸರ್, 0.1 ಮಿ.ಗ್ರಾಂವರೆಗೆ ತೋರಿಸುತ್ತದೆ. ಆ ದಿನದ ತಪಾಸಣೆಯ ದಾಖಲೆಯೂ ಇದೆ.

ರಾತ್ರಿಪಾಳಿ_ಫಾರ್ಮಸಿ · ಬುಧವಾರ, ಮಧ್ಯಾಹ್ನ 1:10

ಬಣ್ಣ ಹಾಕಿ ನೋಡಬಹುದಲ್ಲವೇ? ಚೂರು ಬಣ್ಣ ಔಷಧದ ಜೊತೆ ಸೇರಿಸಿ, ಪುಡಿಯೆಲ್ಲ ಒಂದೇ ಬಣ್ಣ ಆದರೆ ಔಷಧವೂ ಸಮನಾಗಿದೆ ಅಂತ ತಿಳಿಯಬಹುದು. ನಮ್ಮಲ್ಲಿ ಹೀಗೆ ಮಾಡುವವರಿದ್ದಾರೆ.

ಲ್ಯಾಬ್_ಕಣ್ಣು · ಬುಧವಾರ, ಮಧ್ಯಾಹ್ನ 2:25

ಇದರಲ್ಲಿ ನನಗೆ ಬಲವಾದ ಅಭಿಪ್ರಾಯವಿದೆ. ಬಣ್ಣ ಒಂದು ದಿಕ್ಕಿನಲ್ಲಿ ಮಾತ್ರ ಸತ್ಯ ಹೇಳುತ್ತದೆ. ಪಟ್ಟೆ ಪಟ್ಟೆಯಾಗಿ ಕಂಡರೆ ಬೆರಕೆ ಖಂಡಿತ ಆಗಿಲ್ಲ. ಒಂದೇ ಸಮನಾಗಿ ಕಂಡರೆ ಬಣ್ಣ ಬೆರೆತಿದೆ, ಅಷ್ಟೇ. ಬಣ್ಣದ ಕಣ ಬೇರೆ, ಔಷಧದ ಕಣ ಬೇರೆ, ಒಂದು ಅಂಟಿಕೊಂಡು ಉಳಿದಾಗ ಇನ್ನೊಂದು ಜಾರಿ ತಳ ಸೇರಬಹುದು. ಈ ಬ್ಯಾಚಿಗೆ ಬಣ್ಣ ಹಾಕಿದ್ದರೆ ಅದು ಬಹುಶಃ ಅಚ್ಚುಕಟ್ಟಾಗಿ ಕಾಣುತ್ತಿತ್ತು, ಪರೀಕ್ಷೆಗೆ ಕಳಿಸದೆಯೇ ಮಗುವಿಗೆ ಹೋಗುತ್ತಿತ್ತು. ಆ ಯೋಚನೆಗೇ ನನಗೆ ಭಯವಾಗುತ್ತದೆ.

ಕೈ ಪಳಗಿಸಲು ಮಾತ್ರ ಬಣ್ಣ ಒಳ್ಳೆಯ ಗುರು. ಹೊಸಬರಿಗೆ ಔಷಧವೇ ಇಲ್ಲದೆ, 100 ಮಿ.ಗ್ರಾಂ ರೈಬೋಫ್ಲೇವಿನ್ (ಹಳದಿ ಬಣ್ಣದ ವಿಟಮಿನ್) ಕೊಟ್ಟು 30 ಗ್ರಾಂ ಲ್ಯಾಕ್ಟೋಸ್‌ನಲ್ಲಿ ಬೆರೆಸಲು ಹೇಳಿ. ಒಬ್ಬರು ಒಂದೇ ಸಲಕ್ಕೆ ಎಲ್ಲ ಸುರಿದು ಬೆರೆಸಲಿ, ಇನ್ನೊಬ್ಬರು ಇಮ್ಮಡಿ ಕ್ರಮದಲ್ಲಿ. ಎರಡನ್ನೂ ಬಿಳಿ ಕಾಗದದ ಮೇಲೆ ಹಾಕಿ ಸ್ಪ್ಯಾಚುಲಾದಿಂದ ಚಪ್ಪಟೆಯಾಗಿ ಎಳೆದರೆ ಹಳದಿ ಚುಕ್ಕೆಗಳು ತಾವೇ ಪಾಠ ಹೇಳುತ್ತವೆ.

ರಾತ್ರಿಪಾಳಿ_ಫಾರ್ಮಸಿ · ಬುಧವಾರ, ಮಧ್ಯಾಹ್ನ 2:41

ಅರ್ಥವಾಯಿತು ಮೇಡಂ. ನಮ್ಮಲ್ಲೂ ಇದನ್ನು ನಿಲ್ಲಿಸಲು ಮಾತಾಡುತ್ತೇನೆ.

ನನ್ನ ಕೆಲಸ ಹೆಚ್ಚಾಗಿ ಸಸ್ಪೆನ್ಶನ್, ಅಂದರೆ ಪುಡಿ ಕರಗದೆ ತೇಲುವ ದ್ರವ ಔಷಧ. ಇಷ್ಟು ಚಿಕ್ಕ ಡೋಸ್‌ಗೆ ಅದೇ ಸುಲಭ ಅಂತ ಅನೇಕರು ಹೇಳುತ್ತಾರೆ, ಆದರೆ ಅಲ್ಲೂ ಇದೇ ಸಮಸ್ಯೆ ಬೇರೆ ವೇಷದಲ್ಲಿ ಬರುತ್ತದೆ. ನೀರೊಲ್ಲದ ಪುಡಿಯ ಮೇಲೆ ಒಮ್ಮೆಲೇ ದ್ರವ ಸುರಿದರೆ ಹೊರಗೆ ಒದ್ದೆ, ಒಳಗೆ ಒಣಗಿದ ಗುಳ್ಳೆಗಳಾಗಿ ತೇಲುತ್ತದೆ. ಮೊದಲು ಚೂರೇ ಗ್ಲಿಸರಿನ್ ಹಾಕಿ, ಗಟ್ಟಿ ಪೇಸ್ಟ್ ಆಗುವವರೆಗೆ ತೇಯಬೇಕು. ಗಟ್ಟಿಯಾಗಿದ್ದಾಗಲೇ ಗಂಟು ಒಡೆಯುವುದು, ತೆಳ್ಳಗಾದ ಮೇಲೆ ಪೆಸಲ್‌ನಿಂದ ತಪ್ಪಿಸಿಕೊಳ್ಳುತ್ತದೆ. ಆಮೇಲೆ ದ್ರವವನ್ನು ಪೇಸ್ಟಿನಷ್ಟೇ, ಮತ್ತೆ ಅದರಷ್ಟೇ, ಇದೇ ಇಮ್ಮಡಿ ಕ್ರಮ. ಅಳತೆಯ ಸಿಲಿಂಡರಿಗೆ ಸುರಿದ ಮೇಲೆ ಮಾರ್ಟರನ್ನು ಅದೇ ದ್ರವದಿಂದ ಎರಡು ಮೂರು ಸಲ ತೊಳೆದು ಸೇರಿಸಿ, ಕೊನೆಗೆ ಗುರುತಿನವರೆಗೆ ತುಂಬಬೇಕು. ಬಾಟಲಿಯಲ್ಲಿ ಮೇಲೆ ಖಾಲಿ ಜಾಗ ಬಿಡದಿದ್ದರೆ ಅಲುಗಾಡಿಸಿದರೂ ಪ್ರಯೋಜನವಿಲ್ಲ. ತಳದಲ್ಲಿ ಗಟ್ಟಿ ಕೂತ ಪುಡಿ ಮತ್ತೆ ಏಳದಿದ್ದರೆ ಮೊದಲ ವಾರ ಕಡಿಮೆ ಡೋಸ್, ಕೊನೆಯ ವಾರ ವಿಪರೀತ ಡೋಸ್.

ಮುಲಾಮು_ತಟ್ಟೆ · ಬುಧವಾರ, ರಾತ್ರಿ 8:05

ರಾತ್ರಿಪಾಳಿ ಅವರು ಪೇಸ್ಟ್ ಅಂದದ್ದಕ್ಕೆ ನಾನೂ ಸೇರಿಸುತ್ತೇನೆ. ಮುಲಾಮಿನಲ್ಲಿ ಇದೇ ಲೆವಿಗೇಶನ್, ಅಂದರೆ ಪುಡಿಯನ್ನು ಚೂರು ದ್ರವದ ಜೊತೆ ತೇಯುವುದು. ಸತುವಿನ ಆಕ್ಸೈಡ್ ಜರಡಿ ಹಿಡಿಯದೆ ಹಾಕಿದರೆ ಬಿಳಿ ಚುಕ್ಕೆ ಕೊನೆವರೆಗೂ ಹೋಗುವುದಿಲ್ಲ. ತೇಯುವ ದ್ರವ ಬೇಸ್‌ಗೆ (ಮುಲಾಮಿನ ಮೂಲ ಪದಾರ್ಥಕ್ಕೆ) ಹೊಂದಬೇಕು. ಪೆಟ್ರೋಲಿಯಂ ಜೆಲ್ಲಿಯಂಥ ಜಿಡ್ಡಿನ ಬೇಸ್‌ಗೆ ಲಿಕ್ವಿಡ್ ಪ್ಯಾರಾಫಿನ್, ನೀರಿನ ಬೇಸ್‌ಗೆ ಗ್ಲಿಸರಿನ್. ಅದಲು ಬದಲು ಮಾಡಿದರೆ ಬೆವರಿದ ಹಾಗೆ ಹನಿಯೊಡೆಯುತ್ತದೆ. ತಟ್ಟೆಯ ಮೇಲೆ ಎರಡು ಸ್ಪ್ಯಾಚುಲಾ ಇಟ್ಟುಕೊಳ್ಳಿ, ಒಂದರಿಂದ ಇನ್ನೊಂದನ್ನು ಒರೆಸುತ್ತಿರಿ, ಬ್ಲೇಡಿನ ಬೆನ್ನಲ್ಲಿ ಉಳಿದದ್ದೇ ಬೆರೆಯದೆ ಹೋಗುವ ಭಾಗ. ಸ್ಯಾಲಿಸಿಲಿಕ್ ಆಸಿಡ್, ಅಯೋಡಿನ್ ಇದ್ದರೆ ಲೋಹದ ಸ್ಪ್ಯಾಚುಲಾ ಬೇಡ.

ಮೋಟಾರಿನ ಮಿಕ್ಸರ್ ಬಂದ ಮೇಲೆ ಇದೆಲ್ಲ ಬೇಡ ಅನ್ನುವವರಿದ್ದಾರೆ. ಯಂತ್ರ ಕೈನೋವು ತಪ್ಪಿಸುತ್ತದೆ, ನಿಜ. ಆದರೆ ಡಬ್ಬದ ತಳದ ಮೂಲೆಗೆ ಬ್ಲೇಡ್ ಮುಟ್ಟದಿದ್ದರೆ ಅಲ್ಲಿ ಹಾಕಿದ ಪುಡಿ ಅಲ್ಲೇ ಇರುತ್ತದೆ. ಪುಡಿಯನ್ನು ಎರಡು ಪದರ ಬೇಸ್ ನಡುವೆ ಇಟ್ಟು ಯಂತ್ರಕ್ಕೆ ಕೊಡಿ. ವೇಗ ಹೆಚ್ಚಿದರೆ ಬಿಸಿಯಾಗಿ ಔಷಧ ಬೇಸ್‌ನಲ್ಲಿ ಕರಗಬಹುದು, ತಣ್ಣಗಾದಾಗ ಹರಳಾಗಿ ಮರಳುತ್ತದೆ. ಮೊದಲ ದಿನ ಬೆಣ್ಣೆಯಂತಿದ್ದ ಮುಲಾಮು ವಾರದ ಮೇಲೆ ಮರಳು ಮರಳಾಗಿರುತ್ತದೆ.

ಹಳೆಯ_ಪೆಸಲ್ · ಬುಧವಾರ, ರಾತ್ರಿ 8:50

ಕರ್ಪೂರಕ್ಕೆ ನನ್ನ ಅನುಭವ: ಒಣಗಿದ್ದಾಗ ಎಷ್ಟು ಅರೆದರೂ ಚಪ್ಪಟೆಯಾಗುತ್ತದೆ ಹೊರತು ಪುಡಿಯಾಗುವುದಿಲ್ಲ. ಕೆಲವೇ ಹನಿ ಆಲ್ಕೋಹಾಲ್ ಹಾಕಿ ಅರೆದರೆ ಸುಲಭವಾಗಿ ಪುಡಿಯಾಗುತ್ತದೆ, ಆಲ್ಕೋಹಾಲ್ ಆರಿಹೋಗುತ್ತದೆ. ಆದರೆ ಕರ್ಪೂರ ಮತ್ತು ಮೆಂಥಾಲ್ ಜೊತೆಗೆ ಅರೆದರೆ ಎರಡೂ ನೀರಾಗುತ್ತವೆ. ಪುಡಿ ಬೇಕಿದ್ದರೆ ಒಂದೊಂದನ್ನೂ ಬೇರೆಯಾಗಿ ಮೆಗ್ನೀಸಿಯಂ ಕಾರ್ಬೊನೇಟ್‌ನಂಥ ಹೀರುವ ಪುಡಿಯೊಂದಿಗೆ ಸೇರಿಸಿ, ಕೊನೆಗೆ ಹಗುರವಾಗಿ ಕೂಡಿಸಬೇಕು. ಮುಲಾಮಿಗಾದರೆ ಬೇಕೆಂದೇ ನೀರಾಗಿಸಿ ಬೆರೆಸುವುದೇ ಸುಲಭ, ದ್ರವದಲ್ಲಿ ಗಂಟಿನ ಮಾತೇ ಇಲ್ಲ.

ಖಲ್ವದ_ಕೈ · ಬುಧವಾರ, ರಾತ್ರಿ 9:05

ಹಳೆಯ_ಪೆಸಲ್ ಅವರೇ, ಇದನ್ನು ಬರೆದದ್ದು ಬಹಳ ಒಳ್ಳೆಯದಾಯಿತು. ಆಲ್ಕೋಹಾಲ್ ಹನಿಯ ಕೆಲಸ ಈಗಿನ ಮಕ್ಕಳಿಗೆ ಯಾರೂ ಕೈಹಿಡಿದು ತೋರಿಸುತ್ತಿಲ್ಲ.

ಕಲಿಕೆಯ_ಕೌಂಟರ್ · ಮೂರು ವಾರದ ನಂತರ, ಶುಕ್ರವಾರ, ಸಂಜೆ 6:40

ಹೇಳಿ ಮುಗಿಸದಿದ್ದರೆ ನನಗೆ ಸಮಾಧಾನವಿಲ್ಲ, ಅದಕ್ಕೆ ಮತ್ತೆ ಬರೆಯುತ್ತಿದ್ದೇನೆ.

ಹೊಸ ಬ್ಯಾಚ್ ಮಾಡಿದೆ. ನುಣ್ಣಗೆ ಬೀಸಿದ ಲ್ಯಾಕ್ಟೋಸ್ ತರಿಸಿಕೊಂಡೆ. ಮಾರ್ಟರ್‌ಗೆ ಮೊದಲು ಲ್ಯಾಕ್ಟೋಸ್ ತೇಯ್ದೆ, ಔಷಧ ಮತ್ತು ಲ್ಯಾಕ್ಟೋಸ್ ಎರಡನ್ನೂ 100 ನಂಬರಿನ ಜರಡಿ ಹಿಡಿದೆ. ಮೂರು, ಆರು, ಒಂಬತ್ತನೆಯ ಹಂತದ ನಂತರ ಮತ್ತೆ ಜರಡಿ. ಮೂರನೆಯ ಹಂತದಲ್ಲೇ ಜರಡಿಯ ಮೇಲೆ ಬಿಳಿ ಗಂಟುಗಳು ಉಳಿದವು. ಕಣ್ಣಿಗೆ ಆ ಪುಡಿ ಪೂರ್ತಿ ನುಣ್ಣಗೆ ಕಂಡಿತ್ತು. ಹಿಂದಿನ ಬ್ಯಾಚಿನಲ್ಲೂ ಇಷ್ಟೇ ಗಂಟು ಇದ್ದಿರಬೇಕಲ್ಲ ಅನ್ನಿಸಿ ಬಹಳ ಹೊತ್ತು ನೋಡುತ್ತಾ ನಿಂತೆ. ಜಾರ್‌ನಲ್ಲಿ ಹಾಕಿ ಅಲುಗಾಡಿಸುವುದನ್ನು ಬಿಟ್ಟೆ. ತುಂಬುವ ಯಂತ್ರವನ್ನೇ ಮಾರ್ಟರ್ ಪಕ್ಕಕ್ಕೆ ತಂದು, ಪುಡಿಯನ್ನು ಸ್ಪ್ಯಾಚುಲಾದಿಂದ ಎತ್ತಿ ಹಾಕಿದೆ. ತುಂಬಲು ಮೊದಲಿಗಿಂತ ಇಮ್ಮಡಿ ಹೊತ್ತು ಹಿಡಿಯಿತು.

ಲ್ಯಾಬ್‌ಗೆ ಕಳಿಸುವಾಗ ಎರಡೂ ಸುತ್ತಿನಿಂದ ಐದೈದು, ಗುರುತು ಹಾಕಿ ಕೊಟ್ಟೆ. ಹತ್ತರ ಸರಾಸರಿ 98.9, ಡೀವಿಯೇಶನ್ 2.4. ಲ್ಯಾಬ್_ಕಣ್ಣು ಮೇಡಂ ಕಲಿಸಿದ ಲೆಕ್ಕದಲ್ಲಿ 5.8. ಎರಡು ಸುತ್ತುಗಳ ಸರಾಸರಿಯಲ್ಲಿ ಒಂದು ಶೇಕಡಾ ಕೂಡ ವ್ಯತ್ಯಾಸವಿಲ್ಲ. ಬ್ಯಾಚ್ ಹೊರಗೆ ಹೋಗಿದೆ.

ಲ್ಯಾಬ್_ಕಣ್ಣು · ಶುಕ್ರವಾರ, ಸಂಜೆ 7:30

ಓದಿ ತುಂಬಾ ಸಂತೋಷವಾಯಿತು. ಲ್ಯಾಕ್ಟೋಸ್‌ನ ದರ್ಜೆಯನ್ನು ನಿಮ್ಮ ಬ್ಯಾಚ್ ದಾಖಲೆಯಲ್ಲಿ ಹೆಸರಿಟ್ಟು ಬರೆದಿದ್ದೀರಾ? ಬರೀ "ಲ್ಯಾಕ್ಟೋಸ್" ಅಂತಿದ್ದರೆ, ನೀವು ರಜೆಯಲ್ಲಿದ್ದ ದಿನ ಇನ್ನೊಬ್ಬರು ಕಪಾಟಿನಲ್ಲಿ ಕೈಗೆ ಸಿಕ್ಕಿದ ಡಬ್ಬ ತೆಗೆಯುತ್ತಾರೆ.

ಕಲಿಕೆಯ_ಕೌಂಟರ್ · ಶುಕ್ರವಾರ, ಸಂಜೆ 7:52

ಇಲ್ಲ, ಬರೆದಿರಲಿಲ್ಲ. ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ. ಸ್ಪ್ರೇ ಡ್ರೈಡ್ ಡಬ್ಬವನ್ನು ಬೇರೆ ಕಪಾಟಿಗೆ ಸರಿಸಿ, ಮೇಲೆ "ಕಡಿಮೆ ಡೋಸ್ ಕ್ಯಾಪ್ಸೂಲ್‌ಗೆ ಅಲ್ಲ" ಅಂತ ಚೀಟಿ ಅಂಟಿಸುತ್ತೇನೆ.